ಮೂಳೆ ಮುರಿದಿದೆ ಅಂತ ಗೊತ್ತಾದ ಮೇಲೂ ಇನ್ನೊಂದು ಎಕ್ಸ್‌ರೇ ಯಾಕೆ?

ಪ್ರಶ್ನೆ: ಮೆಟ್ಟಿಲು ಇಳಿಯುವಾಗ ಅಮ್ಮನ ಕಾಲು ಹೊರಳಿತು. ಪಾದದ ಗಂಟಿನ ಹೊರಗಡೆ ಮೂಳೆ ಮುರಿದಿದೆಯಂತೆ. ಈಗ ಡಾಕ್ಟರು ಕಾಲನ್ನು ಟೇಬಲ್ ಅಂಚಿನಿಂದ ಇಳಿಬಿಟ್ಟು ಮತ್ತೊಂದು ಎಕ್ಸ್‌ರೇ ತೆಗೆಸಿ ಅಂತಾರೆ. ಸುಮ್ನೆ ಖರ್ಚಲ್ವಾ? ಮುರಿದದ್ದು ಇನ್ನೂ ಜಾಸ್ತಿ ಆದರೆ?

ಸುಮ್ನೆ ಅಲ್ಲ. ಮೂಳೆಯ ಸುದ್ದಿ ಮೊದಲ ಎಕ್ಸ್‌ರೇಯಲ್ಲೇ ಸಿಕ್ಕಿತು. ಈಗ ಬೇಕಿರುವುದು ಗಂಟಿನ ಒಳಮಗ್ಗುಲಲ್ಲಿ ಮೂಳೆಗಳನ್ನು ಕಟ್ಟಿಹಿಡಿದಿರುವ ಪಟ್ಟಿಯ, ಅಂದರೆ ಲಿಗಮೆಂಟಿನ ಸುದ್ದಿ, ಅದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.

ಪಾದದ ಗಂಟು ಒಂದು ಗೂಡಿನ ಹಾಗೆ. ಒಳಗಡೆ ದಪ್ಪನೆಯ ಟಿಬಿಯಾ, ಹೊರಗಡೆ ತೆಳ್ಳನೆಯ ಫಿಬುಲಾ, ಎರಡರ ನಡುವೆ ಕೂತಿರುವುದು ಟೇಲಸ್ ಅನ್ನುವ ಮೂಳೆ. ಟೇಲಸ್ ಆಚೆ ಜಾರದಂತೆ ಒಳಗಡೆಯಿಂದ ಹಿಡಿದಿರುವುದು ಡೆಲ್ಟಾಯ್ಡ್ ಲಿಗಮೆಂಟ್. ಫಿಬುಲಾ ಮಾತ್ರ ಮುರಿದು ಡೆಲ್ಟಾಯ್ಡ್ ಗಟ್ಟಿಯಾಗಿದ್ದರೆ ಬೂಟೋ ಬ್ರೇಸೋ ಹಾಕಿಕೊಂಡು ಸಾಮಾನ್ಯವಾಗಿ ಆಪರೇಷನ್ ಇಲ್ಲದೆಯೇ ವಾಸಿಯಾಗುತ್ತದೆ. ಅದೂ ಹರಿದಿದ್ದರೆ ಪ್ಲೇಟು, ಸ್ಕ್ರೂ ಮಾತು ಬರುತ್ತದೆ. ಒಂದೆರಡು ಮಿಲಿಮೀಟರ್ ಜಾರಿದರೆ ಏನು ಮಹಾ ಅನ್ನಬೇಡಿ. 1976ರಲ್ಲಿ ರ್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಅನ್ನುವವರು ಅಳೆದು ನೋಡಿದಾಗ, ಟೇಲಸ್ ಬರೀ 1 ಮಿ.ಮೀ. ಹೊರಕ್ಕೆ ಸರಿದರೂ ಕೀಲಿನಲ್ಲಿ ಮೂಳೆಗೆ ಮೂಳೆ ತಾಗುವ ಜಾಗ ಸರಾಸರಿ 42% ಕಡಿಮೆಯಾಗಿತ್ತು. ಅದೇ ಭಾರ, ಹೆಚ್ಚುಕಡಿಮೆ ಅರ್ಧ ಜಾಗ. ಕೀಲು ಸವೆಯದೆ ಇನ್ನೇನು?

ಬೇಲಿಯ ಗೂಟ ಭದ್ರ ಇದೆಯಾ ಅಂತ ಅಲ್ಲಾಡಿಸಿ ನೋಡುತ್ತೇವಲ್ಲ, ಇದೂ ಹಾಗೇ. ಪೆಟ್ಟಾದ ಕಾಲು ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ, ಮೀನಖಂಡದ ಕೆಳಗಿನ ಭಾಗವನ್ನು ಟೇಬಲ್ಲಿನಿಂದ ಆಚೆ ಬಿಡುತ್ತಾರೆ. ಪಾದ ತನ್ನ ಭಾರಕ್ಕೇ ಜೋತುಬೀಳುತ್ತದೆ. ಬೇರೆ ಯಾರೂ ಎಳೆಯುವುದಿಲ್ಲ, ಹಾಗಾಗಿ ಜಾಸ್ತಿ ಆಗುತ್ತೆ ಅನ್ನುವ ಹೆದರಿಕೆ ಬೇಡ. ಡಾಕ್ಟರೇ ಕೈಯಲ್ಲಿ ಪಾದವನ್ನು ಹೊರಕ್ಕೆ ತಿರುಗಿಸಿ ಹಿಡಿದು ತೆಗೆಸುವ ಇನ್ನೊಂದು ಬಗೆಯೂ ಇದೆ, ಅದು ಇದಕ್ಕಿಂತ ಜಾಸ್ತಿ ನೋಯುತ್ತದೆ. ಆಮೇಲೆ ಟೇಲಸ್‌ಗೂ ಗಂಟಿನ ಒಳಮಗ್ಗುಲಲ್ಲಿ ಉಬ್ಬಿರುವ ಟಿಬಿಯಾದ ತುದಿಗೂ ನಡುವಿನ ಸಂದು ಅಳೆಯುತ್ತಾರೆ. ಅದು ಸಾಮಾನ್ಯವಾಗಿ 4 ಮಿ.ಮೀ. ಒಳಗೆ, ಟೇಲಸ್ ಮೇಲಿನ ಸಂದಿನಷ್ಟೇ ಇರುತ್ತದೆ. 5 ದಾಟಿದರೆ ಅನುಮಾನ ಗಟ್ಟಿ.

ಒಳಗಡೆ ಮುಟ್ಟಿದರೆ ನೋವಿಲ್ಲವಲ್ಲ, ಅಷ್ಟು ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ನೋವು, ಊತ ಎರಡೂ ಇಲ್ಲಿ ಕೈಕೊಡುವ ಸಾಕ್ಷಿಗಳು. ಹಾಗಂತ ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಗಂಟಿನ ಒಳಗಡೆ, ಹೊರಗಡೆ ಎರಡೂ ಕಡೆ ಮೂಳೆ ಮುರಿದಿದ್ದರೆ, ಅಥವಾ ಮೊದಲ ಎಕ್ಸ್‌ರೇಯಲ್ಲೇ ಟೇಲಸ್ ಜಾರಿರುವುದು ಕಂಡರೆ, ಇನ್ನು ಅಲ್ಲಾಡಿಸಿ ನೋಡುವುದೇನಿದೆ?

ಒಂದು ಮಾತು ಮಾತ್ರ ನೆನಪಿರಲಿ. ಜೋತುಬಿಟ್ಟಾಗ ಸಂದು ಅಗಲವಾಗಿ ಕಂಡ ತಕ್ಷಣ ಆಪರೇಷನ್ ಅಂತಲ್ಲ. ಈಗ ಎಷ್ಟೋ ಡಾಕ್ಟರುಗಳು ಒಂದು ವಾರದ ನಂತರ ನಿಲ್ಲಿಸಿ, ಕಾಲಿನ ಮೇಲೆ ಭಾರ ಹಾಕಿಸಿ ಮತ್ತೊಂದು ಎಕ್ಸ್‌ರೇ ತೆಗೆಸುತ್ತಾರೆ. ಜೋತಾಗ ಜಾರಿದ ಟೇಲಸ್ ನಿಂತಾಗ ಗೂಡಿನಲ್ಲಿ ಸರಿಯಾಗಿ ಕೂರುವುದುಂಟು. ನನ್ನ ಕೇಳಿದರೆ, ಅಷ್ಟು ಕಾಯುವ ಡಾಕ್ಟರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಕೇಳುವುದಾದರೆ ಇದನ್ನು ಕೇಳಿ: ಎಕ್ಸ್‌ರೇ ತೆಗೆಯುವಾಗ ಪಾದ ನೇರವಾಗಿತ್ತಾ? ಬೆರಳು ಕೆಳಮುಖವಾಗಿ ಚಾಚಿಕೊಂಡಿದ್ದರೆ ಗಟ್ಟಿಯಿರುವ ಗಂಟಿನಲ್ಲೂ ಆ ಸಂದು ಅಗಲವಾಗಿಯೇ ಕಾಣುತ್ತದೆ.