ಗ್ಯೋಜನ್: ಭಿಕ್ಷೆ ಬೇಡದ ತಿರುಕರು

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. ಪರೀಕ್ಷೆಗೆ ಓದುವವರಿಗಾಗಿ ಯಾರೋ ಬರೆದ ನೋಟ್ಸು. ಡಚ್ಚರು ಸ್ಪೇನ್ ವಿರುದ್ಧ ದಂಗೆ ಎದ್ದ ಕಥೆಯಲ್ಲಿ 'ಸಮುದ್ರ ಭಿಕ್ಷುಕರು' ಅಂತ ಬರೆದು, ಪಕ್ಕದಲ್ಲೇ 'ಕಡಲತೀರದ ಬಡಜನ' ಅಂತ ಅರ್ಥ ಕೊಟ್ಟಿದ್ದಾರೆ. ಈ ಅರ್ಥ ನೋಡಿ ನೋಡಿ ಸಾಕಾಗಿದೆ. ಈ ಹೆಸರು ಮೊದಲು ಅಂಟಿದ್ದು ಭಿಕ್ಷುಕರಿಗೂ ಅಲ್ಲ, ಬಡವರಿಗೂ ಅಲ್ಲ. ಕುದುರೆ, ಕೋಟೆ, ಜಮೀನು ಎಲ್ಲ ಇದ್ದ ಶ್ರೀಮಂತರಿಗೆ.

ಸ್ಪೇನಿನ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್ ನಡೆಸಿದ ಎಂಬತ್ತು ವರ್ಷಗಳ ಯುದ್ಧ, ಅದರ ಮುಂದಾಳು ಆರೆಂಜ್‌ನ ವಿಲಿಯಂ, ಅದನ್ನು ಮುಗಿಸಿದ 1648ರ ಮ್ಯುನ್‌ಸ್ಟರ್ ಒಪ್ಪಂದ ಎಲ್ಲ ನೀವು ಓದಿರುತ್ತೀರಿ. ಅದನ್ನು ಬಿಟ್ಟು ಪದಕ್ಕೇ ಬರುತ್ತೇನೆ.

1566ರ ಏಪ್ರಿಲ್ 5, ಬ್ರಸೆಲ್ಸ್. ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಪರವಾಗಿ ಅಲ್ಲಿ ಆಳುತ್ತಿದ್ದವಳು ಅವನ ಮಲಸಹೋದರಿ, ಪಾರ್ಮಾದ ಮಾರ್ಗರೆಟ್. ಧರ್ಮದ ಹೆಸರಿನಲ್ಲಿ ಜನರನ್ನು ಹಿಡಿದು ಸುಡುವುದನ್ನು ನಿಲ್ಲಿಸಿ ಅಂತ ಇನ್ನೂರಕ್ಕೂ ಹೆಚ್ಚು ಸಾಮಂತರು ಅವಳ ಅರಮನೆಗೆ ಮನವಿ ಹಿಡಿದು ಬಂದರು. ಅವಳಿಗೆ ಗಾಬರಿಯಾಯಿತು. ಪಕ್ಕದಲ್ಲಿದ್ದ ಸಲಹೆಗಾರ ಬೆರ್ಲೇಮಾನ್, ಇವರೇನು ಮಹಾ, ಬರೀ ತಿರುಕರು, ಹೆದರಬೇಡಿ ಅಂದನಂತೆ. ಅವನು ಬಳಸಿದ ಫ್ರೆಂಚ್ ಪದ 'ಗ್ಯೋ'. ಅದೇ ಡಚ್ಚರ ಬಾಯಲ್ಲಿ 'ಗ್ಯೋಸ್' ಆಯಿತು, ಬಹುವಚನ 'ಗ್ಯೋಜನ್'. (ಆ ಸ್ವರ ನಮ್ಮ ಲಿಪಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಇದು ಹತ್ತಿರದ್ದು, ಅಷ್ಟೇ.)

ಮೂರು ದಿನ ಬಿಟ್ಟು ಔತಣಕೂಟ. ಬ್ರೆಡೆರೋಡ ಎಂಬ ಸಾಮಂತ ಕೊರಳಿಗೆ ತಿರುಕರ ಚೀಲ ಹಾಕಿಕೊಂಡು, ಮರದ ಬಟ್ಟಲಲ್ಲಿ ವೈನ್ ತುಂಬಿಸಿ ಕುಡಿದು ಪಕ್ಕದವನಿಗೆ ದಾಟಿಸಿದನಂತೆ. 'ಗ್ಯೋಗಳಿಗೆ ಜಯವಾಗಲಿ' ಅಂತ ಎಲ್ಲರೂ ಕೂಗಿದರು. ಬೈಗುಳ ಅಲ್ಲಿಗೆ ಬಿರುದಾಯಿತು.

ಆಮೇಲೆ ಅವರು ಕೊರಳಲ್ಲಿ ಒಂದು ಪದಕ ಹಾಕಿಕೊಳ್ಳತೊಡಗಿದರು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಬದಿಯಲ್ಲಿ ಇರುವುದು ಫಿಲಿಪ್‌ನದೇ ಮುಖ. ಸುತ್ತ ಬರೆದಿರುವುದು 'ಎಲ್ಲದರಲ್ಲೂ ರಾಜನಿಗೆ ನಿಷ್ಠರು'. ತಿರುಗಿಸಿದರೆ ಒಂದನ್ನೊಂದು ಹಿಡಿದ ಎರಡು ಕೈ, ತಿರುಕರ ಚೀಲ, ಮತ್ತು ಆ ವಾಕ್ಯದ ಉಳಿದ ಭಾಗ: 'ಆ ಚೀಲ ಹೊರುವ ತನಕವೂ'. ಚೀಲಕ್ಕೆ ಅಲ್ಲಿರುವ ಫ್ರೆಂಚ್ ಪದ 'ಬೆಸಾಸ್'. ನಡುವೆ ಬಾಯಿ ಇದ್ದು ಹೆಗಲ ಎರಡೂ ಕಡೆ ಇಳಿಬಿಡುವ ಚೀಲ ಅದು. ನಮ್ಮ ಹಸುಬೆ ಇದ್ದ ಹಾಗೆ. ಯಾವ ದೊರೆಯ ವಿರುದ್ಧ ದಂಗೆ ಎದ್ದರು ಅಂತ ನಾವು ಓದುತ್ತೇವೋ ಅವನ ಮುಖವನ್ನೇ ಎದೆಯ ಮೇಲೆ ಹೊತ್ತಿದ್ದರು! ಹಾಗಾಗಿ 1566ರ ಗ್ಯೋಜನ್‌ರನ್ನು 'ಸ್ವಾತಂತ್ರ್ಯ ಹೋರಾಟಗಾರರು' ಅನ್ನುವುದೂ ತಪ್ಪು. ಅವರು ಕೇಳಿದ್ದು ರಿಯಾಯಿತಿ, ಬಿಡುಗಡೆಯಲ್ಲ. ಫಿಲಿಪ್ ಇನ್ನು ನಮ್ಮ ದೊರೆಯಲ್ಲ ಅಂತ ಪ್ರಾಂತಗಳು ಲಿಖಿತವಾಗಿ ಹೇಳಿದ್ದು 1581ರಲ್ಲಿ, ಹದಿನೈದು ವರ್ಷ ಆದಮೇಲೆ. ಇವತ್ತಿನ ಡಚ್ ರಾಷ್ಟ್ರಗೀತೆಯ ಮೊದಲ ಚರಣದಲ್ಲೂ ಸ್ಪೇನಿನ ದೊರೆಯನ್ನು ಸದಾ ಗೌರವಿಸಿದ್ದೇನೆ ಅನ್ನುವ ಮಾತು ಉಳಿದುಕೊಂಡಿದೆ.

ಇನ್ನು 'ಸಮುದ್ರ'. 1567ರಲ್ಲಿ ಫಿಲಿಪ್ ಕಳಿಸಿದ ಆಲ್ವಾ ಎಂಬ ಸೇನಾಪತಿ ದಂಡು ಕಟ್ಟಿಕೊಂಡು ಬಂದು ತಲೆ ಕಡಿಸತೊಡಗಿದಾಗ ಎಷ್ಟೋ ಜನ ಊರು ಬಿಟ್ಟರು. ಕೆಲವರು ಹಡಗು ಹತ್ತಿದರು. ಇವರ ಜೊತೆ ನಾವಿಕರು, ಮನೆಮಠ ಕಳೆದುಕೊಂಡವರು, ಬರೀ ಲೂಟಿಗೆ ಬಂದವರು ಎಲ್ಲ ಸೇರಿದರು. ಇವರೇ 'ವಾಟರ್‌ಗ್ಯೋಜನ್'. ಶತ್ರುಗಳ ಹಡಗು ಹಿಡಿಯಲು ಇವರಿಗೆ ಪರವಾನಗಿ ಕೊಟ್ಟವನು ವಿಲಿಯಂ. ಫ್ರಾನ್ಸಿನ ದಕ್ಷಿಣದಲ್ಲಿದ್ದ ಆರೆಂಜ್ ಎಂಬ ಪುಟ್ಟ ಸಂಸ್ಥಾನಕ್ಕೆ ಅವನು ಸ್ವತಂತ್ರ ದೊರೆ, ಆ ಹಕ್ಕಿನ ಮೇಲೆ ಕೊಟ್ಟ. 1572ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿ ಇವರನ್ನು ತನ್ನ ಬಂದರುಗಳಿಂದ ಹೊರಹಾಕಿದಳು. ನೆಲೆಯಿಲ್ಲದೆ ಅಲೆದವರು ಏಪ್ರಿಲ್ 1ರಂದು ಬ್ರಿಲ್ ಎಂಬ ಪಟ್ಟಣ ಹಿಡಿದರು. ಡಚ್ಚಿನಲ್ಲಿ 'ಬ್ರಿಲ್' ಅಂದರೆ ಕನ್ನಡಕವೂ ಹೌದು. ಏಪ್ರಿಲ್ ಒಂದರಂದು ಆಲ್ವಾ ಕನ್ನಡಕ ಕಳೆದುಕೊಂಡ ಅಂತ ಪ್ರಾಸ ಕಟ್ಟಿ ಅಲ್ಲಿಯವರು ಈಗಲೂ ಹೇಳುತ್ತಾರೆ. ಅದೇ ಬ್ರಿಲ್‌ನಲ್ಲಿ ಜುಲೈ ತಿಂಗಳು ಇದೇ ಜನ ಹತ್ತೊಂಬತ್ತು ಕ್ಯಾಥೊಲಿಕ್ ಪಾದ್ರಿ ಮತ್ತು ಸನ್ಯಾಸಿಗಳನ್ನು ಒಂದು ಕೊಟ್ಟಿಗೆಯಲ್ಲಿ ನೇಣಿಗೆ ಹಾಕಿದರು. ಕನ್ನಡಕದ ಪ್ರಾಸ ಹೇಳುವವರು ಈ ಮಾತನ್ನೂ ಹೇಳಬೇಕು ಅಂತ ನನ್ನ ಹಟ.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? 'ಭಿಕ್ಷುಕ' ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಭಿಕ್ಷೆ ಅಂದರೆ ಹೀನಾಯ ಒಂದೇ ಅಲ್ಲ. ಜಂಗಮರ ಭಿಕ್ಷೆ ಇದೆ, ಉಪನಯನದಲ್ಲಿ ವಟು ಬೇಡುವ ಭಿಕ್ಷೆ ಇದೆ, ಬೌದ್ಧ ಭಿಕ್ಷು ಇದ್ದಾನೆ. ಬೆರ್ಲೇಮಾನ್ ಬಾಯಲ್ಲಿ ಆ ಮರ್ಯಾದೆ ಇರಲಿಲ್ಲ. 'ಗ್ಯೋ' ಅಂದರೆ ಹರಕುಬಟ್ಟೆಯವನು, ಲೆಕ್ಕಕ್ಕಿಲ್ಲದವನು. ಆ ಬಿಸಿ 'ತಿರುಕ' ಪದದಲ್ಲಿದೆ. ಯಾರನ್ನಾದರೂ ತಿರುಕ ಅಂದು ನೋಡಿ, ಮುಖ ಕೆಂಪಾಗುತ್ತದೆ. ಆದರೆ ಅದನ್ನೇ ಹೆಮ್ಮೆಯಿಂದ ಹೊತ್ತುಕೊಳ್ಳಲೂ ಬರುತ್ತದೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಜೋಳಿಗೆ ಹಿಡಿದು ಸಂಸ್ಥೆ ಕಟ್ಟಿದರು, ಬರೆಯುವಾಗ 'ತಿರುಕ' ಅಂತಲೇ ಹೆಸರು ಹಾಕಿಕೊಂಡರು. ಅವರನ್ನು ಯಾರೂ ಹಾಗೆ ಹಳಿದಿರಲಿಲ್ಲ, ಆ ವ್ಯತ್ಯಾಸ ಇದೆ. ಆದರೂ ಒಂದೇ ಪದದಲ್ಲಿ ಕೀಳೂ ಹಿರಿಮೆಯೂ ಒಟ್ಟಿಗೆ ಇರಬಹುದು ಅಂತ ಕನ್ನಡದ ಕಿವಿಗೆ ಗೊತ್ತು. ಹಾಗಾಗಿ 'ಕಡಲ ತಿರುಕರು' ಅನ್ನಿ, ಸಾಕು.

ಡಚ್ಚಿನಲ್ಲಿ ಈಗ 'ಗ್ಯೋಜನ್‌ನಾಮ್' ಅನ್ನುವ ಪದವೇ ಇದೆ. ಬೈದವರ ಮಾತನ್ನೇ ಬೈಸಿಕೊಂಡವರು ಹೆಸರಾಗಿ ಇಟ್ಟುಕೊಂಡರೆ ಅದು ಗ್ಯೋಜನ್‌ನಾಮ್. ಆ ಪಂಥದ ಮೊದಮೊದಲ ಚಿತ್ರಕಾರರನ್ನು ಹೀಯಾಳಿಸಲು ಬಂದ 'ಇಂಪ್ರೆಷನಿಸ್ಟ್' ಅನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. 1940ರಲ್ಲಿ ಜರ್ಮನರು ದೇಶ ಹಿಡಿದಾಗ ಅಲ್ಲಿ ಮೊದಲು ಎದ್ದ ಪ್ರತಿರೋಧ ಗುಂಪುಗಳಲ್ಲಿ ಒಂದು ಇಟ್ಟುಕೊಂಡ ಹೆಸರೂ ಗ್ಯೋಜನ್. ಅವರಲ್ಲಿ ಹದಿನೈದು ಜನರನ್ನು 1941ರ ಮಾರ್ಚ್ 13ರಂದು ಗುಂಡಿಟ್ಟು ಕೊಂದರು.

ಇನ್ನೊಂದು ಉಳಿಯಿತು. ಡಚ್ ನೌಕಾಪಡೆಯ ಹಡಗು ಬಂದರಿನಲ್ಲಿ ನಿಂತಾಗ ಮೂತಿಯ ಮೇಲೆ ಒಂದು ಪುಟ್ಟ ಬಾವುಟ ಹಾರಿಸುತ್ತಾರೆ, ಕೆಂಪು, ಬಿಳಿ, ನೀಲಿ ಬಣ್ಣಗಳು ನಡುವಿನಿಂದ ಕಿರಣಗಳಂತೆ ಹರಡಿದ್ದು. ಅದರ ಹೆಸರೂ 'ಗ್ಯೋಸ್'. ಜರ್ಮನ್ನರು, ರಷ್ಯನ್ನರು ತಮ್ಮ ಹಡಗಿನ ಮೂತಿಬಾವುಟಕ್ಕೆ ಇದೇ ಪದವನ್ನು ಎರವಲು ತಂದುಕೊಂಡಿದ್ದಾರೆ.