ಬೆಟ್ಟದ ಆಸ್ಪತ್ರೆ, ಬುಡದ ಪಿಎಚ್‌ಸಿ: ಯಳಂದೂರಿನಲ್ಲಿ ಟ್ರಸ್ಟು ಎಲ್ಲಿಂದ ಬಂತು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಡೆ ಹೋದವರಿಗೆ ಒಂದು ಗೊಂದಲ ಆಗುತ್ತದೆ. ಬೆಟ್ಟದ ಮೇಲೆ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರಿಗಾಗಿ ಒಂದು ಆಸ್ಪತ್ರೆ ಇದೆ, ಅದರ ಜೊತೆಗೇ ಶಾಲೆ, ಹಾಸ್ಟೆಲ್. ಇವೆಲ್ಲ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವು. ಬೆಟ್ಟ ಇಳಿದರೆ ಯಳಂದೂರು ತಾಲ್ಲೂಕಿನ ಗುಂಬಳ್ಳಿ. ಅಲ್ಲಿನ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ್ದು, ಆದರೆ ಅದನ್ನು ನಡೆಸಲು ತೆಗೆದುಕೊಂಡದ್ದು ಕರುಣಾ ಟ್ರಸ್ಟ್. ಎರಡೂ ಸಂಸ್ಥೆಗಳ ಹಿಂದೆ ಇರುವವರು ಒಬ್ಬರೇ ಡಾಕ್ಟರು. ಹಾಗಾಗಿ ಯಾವುದು ಸರ್ಕಾರದ್ದು, ಯಾವುದು ಟ್ರಸ್ಟಿನದು, ಯಾವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಅನ್ನುವುದು ಊರಿನವರಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಈಗ ಸಿಕಲ್ ಸೆಲ್ (ವಂಶದಲ್ಲಿ ಹರಿದು ಬರುವ ಒಂದು ರಕ್ತದ ಕಾಯಿಲೆ) ತಪಾಸಣೆ, ಹುಲಿ ಯೋಜನೆ, ಅರಣ್ಯ ಹಕ್ಕು ಎಲ್ಲ ಸೇರಿಕೊಂಡು ಗಂಟು ಇನ್ನೂ ಬಿಗಿಯಾಗಿದೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಸೋಲಿಗರು ಈ ಕಾಡಿನಲ್ಲಿ ಯಾವಾಗಿನಿಂದ ಇದ್ದಾರೆ ಅಂತ ಲೆಕ್ಕ ಹಾಕುವುದು ಕಷ್ಟ. ಬೆಟ್ಟದ ರಂಗನಾಥ ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬ ಕತೆ ಇದೆ. ಆದ್ದರಿಂದ ದೇವರು ಅವರಿಗೆ ಭಾವ! ಕಾಡು ಸುಟ್ಟು ರಾಗಿ ಬೆಳೆಯುವುದು, ಗೆಣಸು ಅಗೆಯುವುದು, ಜೇನು ಕೀಳುವುದು, ಬೇಟೆ: ಇದಿಷ್ಟು ಅವರ ಬದುಕು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಊರೂರು ಬದಲಿಸಿ ಮಾಡುತ್ತಿದ್ದ ಬೇಸಾಯ ನಿಂತಿತು, ಪೋಡುಗಳು (ಸೋಲಿಗರ ಹಾಡಿಗಳು) ಒಂದೇ ಕಡೆ ನೆಲೆ ನಿಂತವು. ತಟ್ಟೆಯಲ್ಲಿ ಇದ್ದದ್ದು ಬದಲಾಯಿತು. ಆಸ್ಪತ್ರೆಯ ಕತೆ ಶುರುವಾಗುವುದು ಇಲ್ಲಿಂದ. ಆದರೆ ಸಾಮಾನ್ಯವಾಗಿ ಅದನ್ನು ಹೇಳುವಾಗ ಒಬ್ಬ ಡಾಕ್ಟರ್ ಕಾಡಿಗೆ ಬಂದ ದಿನದಿಂದ ಶುರು ಮಾಡುತ್ತಾರೆ.

ಆ ಡಾಕ್ಟರ್ ಎಚ್. ಸುದರ್ಶನ್. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ, ರಾಮಕೃಷ್ಣ ಮಿಷನ್ನಿನ ಕೆಲಸಗಳಲ್ಲಿ ಇದ್ದು, ಆಮೇಲೆ ಬೆಟ್ಟಕ್ಕೆ ಬಂದವರು. 1981ರಲ್ಲಿ ಕೇಂದ್ರ ಹುಟ್ಟಿತು. ಮೊದಲು ಗುಡಿಸಲಿನಲ್ಲಿ ಚಿಕಿತ್ಸೆ. ಹಾವು ಕಚ್ಚಿದವರು, ಕರಡಿ ಪರಚಿದವರು, ಜ್ವರದವರು. ಒಂದು ಮಾತು ಇಲ್ಲಿ ಹೇಳಲೇಬೇಕು. ಸೋಲಿಗ ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಅದನ್ನು ತಪ್ಪು ಎಂದು ಬಿಡಿಸುವ ಬದಲು, ಅದರಲ್ಲಿ ಕಲಿಯುವುದಿದೆ ಎಂದು ಕೇಂದ್ರದವರು ಒಪ್ಪಿಕೊಂಡರು. ಆಸ್ಪತ್ರೆಗಳು ಈ ಬುದ್ಧಿ ತೋರಿಸುವುದು ಕಡಿಮೆ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ಪೇಪರಿನವರಿಗೆ ಬೆಟ್ಟ ಗೊತ್ತಾದದ್ದು ಆಗ.

ಆಸ್ಪತ್ರೆಯ ಹಿಂದೆಯೇ ಶಾಲೆ ಬಂತು. ಇದಕ್ಕೆ ದೊಡ್ಡ ತತ್ವ ಏನೂ ಬೇಕಿಲ್ಲ. ರಕ್ತ ಕಡಿಮೆ ಇರುವ ಮಗುವಿಗೆ ಮಾತ್ರೆ ಕೊಟ್ಟು ಕಳಿಸಿದರೆ ಅದು ಆರು ತಿಂಗಳಿಗೆ ಹಾಗೇ ವಾಪಸ್ ಬರುತ್ತದೆ. ಹಾಸ್ಟೆಲ್ಲಿನಲ್ಲಿ ಇದ್ದರೆ ಮೂರು ಹೊತ್ತು ಊಟ ಸಿಗುತ್ತದೆ, ಹುಳದ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಜೊತೆಗೆ ಅಕ್ಷರ. ಮನೆಯಲ್ಲಿ ಸೋಲಿಗ ನುಡಿ, ಪುಸ್ತಕದಲ್ಲಿ ಬೇರೆ ಕನ್ನಡ. ಎಷ್ಟೋ ಮಕ್ಕಳು ಈ ಎರಡರ ನಡುವೆಯೇ ಶಾಲೆ ಬಿಡುತ್ತಾರೆ. ದಾಟಿದವರು ಪಿಯುಸಿ, ಡಿಗ್ರಿ, ಪಿಎಚ್‌ಡಿವರೆಗೂ ಹೋದರು.

ಬೆಟ್ಟದ ಕತೆ ಎಲ್ಲರಿಗೂ ಇಷ್ಟ. ಆದರೆ ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ನಡೆದದ್ದು ಕೆಳಗೆ, ಯಳಂದೂರಿನ ಬಯಲು ಊರುಗಳಲ್ಲಿ.

ಈ ತಾಲ್ಲೂಕು ತೀರಾ ಚಿಕ್ಕದು. 1980ರ ದಶಕದಲ್ಲಿ ಇಲ್ಲಿ ಕುಷ್ಠರೋಗ ಜಾಸ್ತಿ ಇತ್ತು. ಅದೇ ಹೊತ್ತಿಗೆ ಬಹುಔಷಧ ಚಿಕಿತ್ಸೆ ಬಂದಿತ್ತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಸೇರಿಸಿ ಕೊಟ್ಟರೆ ರೋಗ ಪೂರ್ತಿ ವಾಸಿಯಾಗುತ್ತದೆ. ಔಷಧ ಇತ್ತು. ಕಷ್ಟ ಇದ್ದದ್ದು ರೋಗಿಯನ್ನು ಹುಡುಕುವುದರಲ್ಲಿ. ಮೈಮೇಲೆ ಮಚ್ಚೆ ಇದೆ ಎಂದು ಯಾರು ತಾನೇ ಹೇಳಿಕೊಂಡು ಬರುತ್ತಾರೆ? ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದರಂತೂ ಮುಗಿದೇ ಹೋಯಿತು. 1986ರಲ್ಲಿ ಶುರುವಾದ ಕರುಣಾ ಟ್ರಸ್ಟ್ ಹಿಡಿದದ್ದು ಈ ಕೆಲಸ. ಕಾರ್ಯಕರ್ತರು ಮನೆ ಮನೆಗೆ ಹೋಗಬೇಕು. ಬಿಳಿಚಿದ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮೆಲ್ಲಗೆ ಮುಟ್ಟಬೇಕು. ಮುಟ್ಟಿದ್ದು ಗೊತ್ತಾಗದಿದ್ದರೆ ಅನುಮಾನ. ಆಮೇಲೆ ತಿಂಗಳು ತಿಂಗಳೂ ಮಾತ್ರೆ ಮುಟ್ಟಿಸಬೇಕು, ಮಧ್ಯೆ ಬಿಡದಂತೆ ನೋಡಿಕೊಳ್ಳಬೇಕು.

ಹೀಗೆ ಬಾಗಿಲು ತಟ್ಟಿದಾಗ ಬೇರೆ ಕಾಯಿಲೆಗಳೂ ಹೊರಗೆ ಬಂದವು. ಒಂದು, ಮೂರ್ಛೆ ರೋಗ. ಅದರಲ್ಲೂ ನಮ್ಮ ಸೀಮೆಗೇ ವಿಶೇಷ ಎನ್ನಬಹುದಾದ ಒಂದು ಬಗೆ: ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ತಲೆಯ ಮೇಲೆ ಬೇಗ ಬೇಗ ಸುರಿದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಹಳೆ ಮೈಸೂರು ಭಾಗದಲ್ಲಿ ಇದು ಜಾಸ್ತಿ. ನಿಮ್ಹಾನ್ಸಿನ ಡಾಕ್ಟರುಗಳು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮೂರ್ಛೆಗೆ ಊರಮಟ್ಟದಲ್ಲೇ ಚಿಕಿತ್ಸೆ ಕೊಡಬಹುದೇ ಎಂದು ನೋಡಿದ ಯಳಂದೂರು ಅಧ್ಯಯನವೂ ವೈದ್ಯಲೋಕದಲ್ಲಿ ಹೆಸರುವಾಸಿ. ಬಿಸಿನೀರಿನ ಮೂರ್ಛೆಗೆ ಉಪಾಯ ಬಲು ಸರಳ. ನೀರು ಉಗುರು ಬೆಚ್ಚಗಿರಲಿ, ತಲೆಗೆ ಒಮ್ಮೆಲೇ ಸುರಿಯಬೇಡಿ. ಅದರಲ್ಲೂ ನಿಲ್ಲದಿದ್ದರೆ ಮಾತ್ರೆ. ಉಳಿದ ಬಗೆಯ ಮೂರ್ಛೆಗೂ ಫಿನೋಬಾರ್ಬಿಟೋನ್ ಎಂಬ ಹಳೆಯ, ಅಗ್ಗದ ಮಾತ್ರೆ ಬಹಳ ಜನಕ್ಕೆ ಸಾಕಾಗುತ್ತದೆ. ಆದರೆ ದಿನಾ ತಿನ್ನಬೇಕು, ವರ್ಷಗಟ್ಟಲೆ ತಿನ್ನಬೇಕು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವ ಊರಿನಲ್ಲಿ ಇದನ್ನು ನಂಬಿಸಲು ಡಾಕ್ಟರಿಗಿಂತ, ಮೊದಲೇ ಮುಖ ಪರಿಚಯ ಇರುವ ಕಾರ್ಯಕರ್ತೆ ಬೇಕು. ಕುಷ್ಠದ ಕೆಲಸಕ್ಕೆ ಹೋಗಿ ಗಳಿಸಿದ ಪರಿಚಯ ಮೂರ್ಛೆಗೆ ಉಪಯೋಗಕ್ಕೆ ಬಂತು. ಆಮೇಲೆ ಕ್ಷಯಕ್ಕೆ, ಮಾನಸಿಕ ಕಾಯಿಲೆಗೆ.

ಇದೇ ನಂಬಿಕೆಯ ಮೇಲೆ 1996ರಲ್ಲಿ ಗುಂಬಳ್ಳಿಯ ಪಿಎಚ್‌ಸಿಯನ್ನು ಸರ್ಕಾರ ಟ್ರಸ್ಟಿನ ಕೈಗೆ ಕೊಟ್ಟಿತು. ಕಟ್ಟಡ, ಔಷಧ ಮತ್ತು ಖರ್ಚಿನ ದೊಡ್ಡ ಪಾಲು ಸರ್ಕಾರದ್ದು, ಆಡಳಿತ ಟ್ರಸ್ಟಿನದು. ಸಿಬ್ಬಂದಿ ಅಲ್ಲೇ ಉಳಿಯಬೇಕು ಎಂಬುದು ಮುಖ್ಯ ಷರತ್ತು. ಈ ಮಾದರಿ ಅರುಣಾಚಲ, ಮೇಘಾಲಯದವರೆಗೂ ಹೋಯಿತು. ಕರ್ನಾಟಕದಲ್ಲಿ ಆರೋಗ್ಯ ಬಂಧು ಎಂಬ ಯೋಜನೆಯೇ ಆಯಿತು. ಬೇರೆ ಟ್ರಸ್ಟುಗಳು, ಮೆಡಿಕಲ್ ಕಾಲೇಜುಗಳೂ ಪಿಎಚ್‌ಸಿ ತೆಗೆದುಕೊಂಡವು. ಎಲ್ಲರ ಕೆಲಸ ಒಂದೇ ಥರ ಇರಲಿಲ್ಲ. ಆ ಯೋಜನೆ ಆಮೇಲೆ ನಿಂತಿತು, ಕೇಂದ್ರಗಳು ಇಲಾಖೆಗೆ ವಾಪಸ್ ಹೋದವು.

ವಾದ ಶುರುವಾದದ್ದು ಇಲ್ಲೇ. ಸರ್ಕಾರ ಮಾಡಬೇಕಾದ್ದನ್ನು ಖಾಸಗಿಯವರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಇದು ಎಂದು ಒಂದು ಕಡೆಯವರು ಹೇಳಿದರು. ಡಾಕ್ಟರೇ ಇಲ್ಲದ ಸರ್ಕಾರಿ ಕಟ್ಟಡಕ್ಕಿಂತ ಇದು ವಾಸಿಯಲ್ಲವೇ ಎಂದು ಇನ್ನೊಂದು ಕಡೆಯವರು. ಎರಡೂ ನಿಜ. ಆದರೆ ಇಬ್ಬರೂ ಹೆಚ್ಚು ಮಾತಾಡದ ಒಂದು ವಿಷಯ ಇದೆ: ನರ್ಸಿನ ಸಂಬಳ. ಇಲಾಖೆಯ ಕಾಯಂ ನರ್ಸಿಗೂ ಗುತ್ತಿಗೆ ನರ್ಸಿಗೂ ಸಂಬಳದಲ್ಲಿ ಅಜಗಜಾಂತರ. ಕಾಯಂ ಹುದ್ದೆ ಸಿಕ್ಕಿದ ದಿನ ಗುತ್ತಿಗೆಯವರು ಹೊರಡುತ್ತಾರೆ. ಅವರನ್ನು ಹೇಗೆ ಬೈಯುವುದು?

ದುಡ್ಡಿನ ದಾರಿಯೂ ಬದಲಾಯಿತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಎಂದಿತು. 2020ರಲ್ಲಿ ವಿದೇಶಿ ದೇಣಿಗೆಯ ಕಾನೂನು ಬಿಗಿಯಾಯಿತು. ಆ ದೇಣಿಗೆಯಲ್ಲಿ ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಕಂಪನಿಗಳು ಆಂಬುಲೆನ್ಸ್ ಕೊಡುತ್ತವೆ, ಯಂತ್ರ ಕೊಡುತ್ತವೆ, ಅದರ ಮೇಲೆ ಹೆಸರು ಬರೆಸಬಹುದು. ಡ್ರೈವರಿನ ಹತ್ತು ವರ್ಷದ ಸಂಬಳದ ಮೇಲೆ ಹೆಸರು ಬರೆಸಲು ಆಗುವುದಿಲ್ಲ, ಅಲ್ವಾ?

ಇದರ ನಡುವೆ ಕಾಡಿನ ಲೆಕ್ಕವೂ ನಡೆದಿತ್ತು. ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೆ ತಡೆ ಬಂತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹಕ್ಕಿಗಾಗಿ ಅರ್ಜಿ ಬರೆದವರಲ್ಲಿ, ನಕ್ಷೆ ಮಾಡಿದವರಲ್ಲಿ ಓದಿದ ಸೋಲಿಗ ಯುವಕರು ಇದ್ದರು. ಕಾಗದ ಓದಬಲ್ಲವರು ಪೋಡಿನಲ್ಲೇ ಇದ್ದದ್ದು ಆಗ ಕೈ ಹಿಡಿಯಿತು. ಮಾತ್ರೆ ಕೊಡುತ್ತಿದ್ದವರಿಗೂ ಕಾಡಿನ ಹಕ್ಕಿಗೂ ಏನು ಸಂಬಂಧ ಎಂದು ಕೇಳುವವರು ತಟ್ಟೆಯ ಮಾತನ್ನು ನೆನಪಿಸಿಕೊಂಡರೆ ಸಾಕು.

ಶಾಲೆಯ ಕೆಲಸ, ಆಸ್ಪತ್ರೆಯ ಕೆಲಸ ಎರಡೂ ಒಂದೇ ಕಡೆ ಸೇರಿದ್ದು ಎಎನ್‌ಎಂ (ಸಹಾಯಕ ನರ್ಸ್) ತರಬೇತಿಯಲ್ಲಿ. ಸೋಲಿಗ ಹುಡುಗಿಯರಿಗೇ ನರ್ಸಿಂಗ್ ಕಲಿಸಿ ಪೋಡುಗಳ ಕೆಲಸಕ್ಕೆ ಹಾಕಿದರು. ಪೇಟೆಯಿಂದ ಬಂದವರು ವರ್ಗಾವಣೆ ಕೇಳುತ್ತಾರೆ. ಇವರ ಮನೆಯೇ ಇಲ್ಲಿದೆ.

ಸಿಕಲ್ ಸೆಲ್ ವಿಷಯದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸೋಲಿಗರಲ್ಲಿ ಈ ಕಾಯಿಲೆ ಇರುವುದು ಹೊಸ ಸುದ್ದಿಯಲ್ಲ, ಬೆಟ್ಟದ ಆಸ್ಪತ್ರೆ ಬಹಳ ಹಿಂದಿನಿಂದಲೇ ಇದನ್ನು ನೋಡುತ್ತಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ಕಾಯಿಲೆ ಇಲ್ಲವಾಗಿಸುವ ಗುರಿ. ತಪಾಸಣೆ ಆದ ಮೇಲೆ ಕಾರ್ಡು ಕೊಡುತ್ತಾರೆ. ತಂದೆ ತಾಯಿ ಇಬ್ಬರಲ್ಲೂ ಸಿಕಲ್ ಸೆಲ್‌ನ ಅಂಶ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಮದುವೆಗೆ ಮೊದಲೇ ಎರಡೂ ಮನೆಯವರಿಗೆ, ಯಾರಿಗೂ ಅವಮಾನ ಆಗದಂತೆ ಹೇಳಬೇಕು. ಅದು ಕಾರ್ಡಿನಿಂದ ಆಗುವ ಕೆಲಸವಲ್ಲ. ಕಾಯಿಲೆ ಇರುವವರು ಫೋಲಿಕ್ ಆಸಿಡ್ ಬಿಡುವಂತಿಲ್ಲ. ನೋವು ಪದೇ ಪದೇ ಬರುವವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಬೇಕು, ಅದನ್ನು ತಿನ್ನುವವರ ರಕ್ತವನ್ನು ಆಗಾಗ ಪರೀಕ್ಷೆ ಮಾಡುತ್ತಿರಬೇಕು. ರಕ್ತ ತೆಗೆಯಲು ಲ್ಯಾಬಿನವರು ಪೋಡಿಗೆ ಬರುತ್ತಾರೋ, ರೋಗಿಯೇ ದಿನದ ಕೂಲಿ ಬಿಟ್ಟು ಬಸ್ಸು ಹಿಡಿಯಬೇಕೋ ಎನ್ನುವುದರ ಮೇಲೆ ಆ ಮಾತ್ರೆ ಎಷ್ಟು ತಿಂಗಳು ನಡೆಯುತ್ತದೆ ಎಂಬುದು ನಿಂತಿದೆ.