ಬೂದಿ ರಸ್ತೆಯಾಗುವ ಮುನ್ನ

ಒಂದು ಟನ್ ನಗರತ್ಯಾಜ್ಯವನ್ನು ದಹನ ಘಟಕದಲ್ಲಿ ಸುಟ್ಟರೆ ಅದರ ಗಾತ್ರ ಸುಮಾರು ಶೇಕಡಾ 90ರಷ್ಟು ಕುಗ್ಗುತ್ತದೆ. ಆದರೆ ತೂಕದ ಲೆಕ್ಕದಲ್ಲಿ 200ರಿಂದ 250 ಕಿಲೋಗ್ರಾಂ ಬೂದಿ ಕುಲುಮೆಯ ತಳದಲ್ಲಿ ಉಳಿದೇ ಉಳಿಯುತ್ತದೆ. ಈ ತಳಬೂದಿಗೂ ಸೌದೆ ಒಲೆಯ ನುಣುಪು ಬೂದಿಗೂ ಹೋಲಿಕೆಯಿಲ್ಲ. ಗಾಜಿನ ಚೂರು, ಪಿಂಗಾಣಿಯ ತುಂಡು, ಕಲ್ಲು, ಕರಗಿ ಗಟ್ಟಿಯಾದ ಕಿಟ್ಟ, ಮೊಳೆ, ತಂತಿ ಎಲ್ಲವೂ ಬೆರೆತ ಒರಟು ರಾಶಿ ಅದು. ಜರಡಿ ಹಿಡಿದು, ಹದವಾದ ತೇವದಲ್ಲಿ ಅದುಮಿದರೆ ರಸ್ತೆಯ ಕೆಳಪದರದಲ್ಲಿ ಜಲ್ಲಿಯ ಕೆಲಸವನ್ನು ಮಾಡಬಲ್ಲುದು. ಭಾರ ಹೊರುವ ವಿಷಯದಲ್ಲಿ ತಕರಾರು ಕಡಿಮೆ. ಮಳೆನೀರು ಆ ಪದರದ ಮೂಲಕ ಇಳಿಯುವಾಗ ಏನೇನನ್ನು ಕರಗಿಸಿಕೊಂಡು ಹೋಗುತ್ತದೆ ಎಂಬಲ್ಲಿಯೇ ತೊಡಕೆಲ್ಲ ಇದೆ.

ಹೊಗೆಯನ್ನು ಶುದ್ಧೀಕರಿಸುವಾಗ ಸಿಗುವ ಹಾರುಬೂದಿಯನ್ನು ಮೊದಲೇ ಬೇರೆಯಿಡಬೇಕು. ಪ್ರಮಾಣದಲ್ಲಿ ಅಲ್ಪವಾದರೂ ಡಯಾಕ್ಸಿನ್ ಎಂಬ ವಿಷಕಾರಿ ಸಂಯುಕ್ತಗಳು, ಕ್ಯಾಡ್ಮಿಯಂ ಎಂಬ ವಿಷಲೋಹ ಮತ್ತು ಕ್ಲೋರೈಡ್ ಲವಣಗಳು ಸಾಂದ್ರವಾಗುವುದು ಅದರಲ್ಲಿಯೇ. 1990ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬೈಕರ್ ಸ್ಥಾವರದಿಂದ ಬಂದ ಎರಡೂ ಬಗೆಯ ಬೂದಿಯ ಮಿಶ್ರಣವನ್ನು ತರಕಾರಿ ತೋಟಗಳ ಕಾಲುದಾರಿಗಳಿಗೆ ಹರಡಿ, ಕೊನೆಗೆ ಅದನ್ನು ಅಗೆದು ತೆಗೆಯಬೇಕಾಗಿ ಬಂದಿತ್ತು.

ತಳಬೂದಿಯಿಂದ ಕಬ್ಬಿಣವನ್ನು ಅಯಸ್ಕಾಂತದ ಮೂಲಕವೂ, ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಬದಲಾಗುವ ಕಾಂತಕ್ಷೇತ್ರದಿಂದ ಇಂಥ ಲೋಹಗಳನ್ನು ದೂರ ಚಿಮ್ಮಿಸುವ ಎಡ್ಡಿ ಕರೆಂಟ್ ಯಂತ್ರದ ಮೂಲಕವೂ ಹೆಕ್ಕುತ್ತಾರೆ. ಹೆಕ್ಕಿದ ಲೋಹವನ್ನು ಮಾರಬಹುದೆಂಬುದು ಇದರ ಒಂದು ಲಾಭವಷ್ಟೇ. ಕ್ಷಾರೀಯ ತೇವದಲ್ಲಿ ಲೋಹರೂಪದ ಅಲ್ಯೂಮಿನಿಯಂ ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುವುದರಿಂದ, ಅದು ಉಳಿದುಕೊಂಡ ಬೂದಿಯನ್ನು ಸಿಮೆಂಟಿನೊಡನೆ ಬೆರೆಸಿದರೆ ಆ ಪದರ ಉಬ್ಬಿ ಬಿರುಕು ಬಿಡುತ್ತದೆ.

ಆಮೇಲಿನ ಹಂತ ಕಾಯುವುದು. ನೀರಿನಲ್ಲಿ ತಣಿಸಿ ಹೊರತೆಗೆದ ಹೊಸ ಬೂದಿಯಲ್ಲಿ ಸುಣ್ಣದ ಅಂಶ ಹೆಚ್ಚಿದ್ದು, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಅದಕ್ಕಿಂತ ಹೆಚ್ಚಾದಷ್ಟೂ ಕ್ಷಾರ) 12ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಕ್ಷಾರದಲ್ಲಿ ಸೀಸವೂ ಸತುವೂ ಸುಲಭವಾಗಿ ಕರಗುತ್ತವೆ. ಬೂದಿಯನ್ನು ರಾಶಿ ಹಾಕಿ ಎರಡು ಮೂರು ತಿಂಗಳು ಬಿಟ್ಟರೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾಗುತ್ತದೆ, ಪಿಎಚ್ 8ರಿಂದ 10ರ ಮಟ್ಟಕ್ಕೆ ಇಳಿಯುತ್ತದೆ, ಸೀಸ ಕರಗುವ ಪ್ರಮಾಣವೂ ಅದರೊಂದಿಗೆ ತೀರಾ ತಗ್ಗುತ್ತದೆ. ದುಬಾರಿ ಯಂತ್ರವಿಲ್ಲದೆ ನಡೆಯುವ ಈ ಕ್ರಿಯೆ ನನಗೆ ಇಡೀ ಪ್ರಕ್ರಿಯೆಯ ಅತ್ಯಂತ ಸೊಗಸಾದ ಭಾಗವಾಗಿ ತೋರುತ್ತದೆ. ಆದರೆ ಅದು ಸರ್ವರೋಗಕ್ಕೆ ಮದ್ದಲ್ಲ. ತಾಮ್ರವು ಪೂರ್ತಿ ಉರಿಯದ ಸಾವಯವ ಅಂಶಗಳೊಂದಿಗೆ ಬೆಸೆದುಕೊಂಡು ನೀರಿಗೆ ಇಳಿಯಬಲ್ಲುದು. ಆಂಟಿಮನಿ ಎಂಬ ವಿಷಕಾರಿ ಧಾತುವಂತೂ ಪಿಎಚ್ ಇಳಿದಂತೆ ಹೆಚ್ಚು ಕರಗಲು ತೊಡಗುತ್ತದೆ. ಸೀಸವನ್ನು ಕಟ್ಟಿಹಾಕುವ ಬದಲಾವಣೆಯೇ ಇನ್ನೊಂದು ಧಾತುವಿನ ಕಟ್ಟು ಬಿಚ್ಚುತ್ತದೆ. ಲವಣಗಳ ಮಾತು ಬೇರೆ. ಅವು ತೊಳೆದರೆ ಬಹುಮಟ್ಟಿಗೆ ಹೋಗುತ್ತವೆ, ತೊಳೆದ ನೀರನ್ನು ಸಂಸ್ಕರಿಸುವ ಹೊರೆ ಮಾತ್ರ ಉಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ದೇಶಗಳು ಒಂದೇ ತೀರ್ಮಾನಕ್ಕೆ ಬಂದಿಲ್ಲ. ಸ್ವಿಟ್ಜರ್ಲೆಂಡ್ ಲೋಹಗಳನ್ನು ತೆಗೆದ ನಂತರ ಬೂದಿಯನ್ನು ಭೂಭರ್ತಿ ತಾಣಕ್ಕೇ ಕಳುಹಿಸುತ್ತದೆ. ದಶಕಗಳಿಂದ ಅದನ್ನು ರಸ್ತೆಗಳ ಕೆಳಗೆ ಬಳಸುತ್ತಿದ್ದ ನೆದರ್ಲೆಂಡ್ಸ್‌ನಲ್ಲಿ, ಬೂದಿಯನ್ನು ಇನ್ನಷ್ಟು ಶುದ್ಧಗೊಳಿಸಲು ಸರ್ಕಾರವೂ ಉದ್ಯಮವೂ 2012ರಲ್ಲಿ ಒಪ್ಪಂದ ಮಾಡಿಕೊಂಡವು. ನೆಲದ ಅಭಾವವಿರುವ ಸಿಂಗಪುರ, 1999ರಿಂದ ಬೂದಿಯನ್ನು ಸೆಮಕಾವ್ ಎಂಬ ಸಮುದ್ರದ ನಡುವಿನ ಭರ್ತಿ ತಾಣಕ್ಕೆ ಸಾಗಿಸುತ್ತ ಬಂದಿದ್ದು, ಅಲ್ಲಿನ ಜಾಗ ತುಂಬುವುದನ್ನು ತಡಮಾಡಲು ತಾನಾ ಮೆರಾ ಕರಾವಳಿ ರಸ್ತೆಯಲ್ಲಿ ಸಂಸ್ಕರಿಸಿದ ತಳಬೂದಿಯನ್ನು ಪ್ರಯೋಗಿಸಿ ನೋಡಿದೆ.

ಬಳಸುವುದೇ ಆದರೆ ಬೂದಿಯ ಪದರ ಅಂತರ್ಜಲದ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು, ಡಾಂಬರಿನ ಹೊದಿಕೆಯಿಂದ ಮಳೆನೀರು ತಡೆಯಲ್ಪಡಬೇಕು. ಹೊದಿಕೆ ಶಾಶ್ವತವಲ್ಲವೆಂಬುದನ್ನು ಯೋಜನೆಗಳು ಮರೆಯುವುದುಂಟು. ಪೈಪು ಹಾಕುವವರು ರಸ್ತೆಯನ್ನು ಅಗೆಯುತ್ತಾರೆ, ಅಗೆದ ಬೂದಿ ಪಕ್ಕದ ಮಣ್ಣಿನೊಂದಿಗೆ ಬೆರೆಯುತ್ತದೆ, ಹಳೆಯ ರಸ್ತೆಯನ್ನು ಕಿತ್ತಾಗ ಆ ರಾಶಿ ಬೇರೆಲ್ಲಿಗೋ ಸಾಗುತ್ತದೆ. ಆದ್ದರಿಂದ ಯಾವ ರಸ್ತೆಯ ಯಾವ ಭಾಗದಲ್ಲಿ, ಎಷ್ಟು ದಪ್ಪಕ್ಕೆ, ಯಾವ ಘಟಕದ ಬೂದಿಯನ್ನು ಹಾಸಲಾಗಿದೆ ಎಂಬ ವಿವರ ರಸ್ತೆಯ ನಕ್ಷೆಯಲ್ಲಿಯೇ ದಾಖಲಾಗಿರಬೇಕು.